ಪಟ್ಟೆ ಹಾಸಿಗೆಯ ತುಂಡು

ಶಟರು ಅರ್ಧ ಇಳಿದು ಅಲ್ಲೇ ಸಿಕ್ಕಿಹಾಕಿಕೊಂಡಿತು. ಅಣ್ಣ ಅದರ ಕೆಳಗೆ ನಿಂತು ಎರಡೂ ಕೈಯಲ್ಲಿ ಎಳೆದ. ಅದು ಕಿರ್ರೆಂದು ಹಲ್ಲು ಕಡಿಯಿತೇ ಹೊರತು ಅಲುಗಲಿಲ್ಲ.

"ಎಣ್ಣೆ ಹಾಕೋ," ಅಂದಳು ಅಮ್ಮ ಅಡುಗೆಮನೆಯಿಂದ. "ಮೆಕ್ಯಾನಿಕ್ಕನ ಮನೆ ಬಾಗಿಲಿಗೇ ಎಣ್ಣೆ ಇಲ್ಲ ಅಂತ ಬೀದಿಯವರು ನಗ್ತಾರೆ."

"ಇದು ಬಾಗಿಲಲ್ಲಮ್ಮಾ, ಶಟರು."

"ಮುಚ್ಚೋದೆಲ್ಲಾ ಬಾಗಿಲೇ ಕಣೋ."

ಜಗುಲಿಯ ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ತಂಗಿ ತಲೆ ಎತ್ತಿ ನೋಡಿ ಮತ್ತೆ ರೆಕ್ಸಿನ್ ಮೇಲೆ ಕಣ್ಣಿಟ್ಟಳು. ಅವಳನ್ನು ಮನೆಯವರೆಲ್ಲ ಗುಬ್ಬಿ ಅನ್ನುತ್ತಿದ್ದರು. ಗುಬ್ಬಿಯಾದರೂ ಚಿಲಿಪಿಲಿ ಅನ್ನುತ್ತದೆ, ಇವಳು ಅಷ್ಟೂ ಇಲ್ಲ ಅನ್ನುವುದು ಅತ್ತಿಗೆಯ ತಮಾಷೆ. ಅಪ್ಪ ಹಾಸಿಗೆ ಹಿಡಿದ ವರ್ಷ ಶಾಲೆ ಬಿಟ್ಟವಳು, ಆಮೇಲೆ ಕಾರಿನ ಸೀಟುಗಳಿಗೆ ಕವರು ಹೊಲಿಯುವುದನ್ನು ಕಲಿತಳು. ಪೇಟೆಯ ಸೀಟಿನಂಗಡಿಯವರು ಅಳತೆ ಕೊಟ್ಟು ಕಳಿಸುತ್ತಾರೆ, ಇವಳು ಮನೆಯಲ್ಲೇ ಹೊಲಿದು ಕೊಡುತ್ತಾಳೆ. ಮೊನ್ನೆ ಮೊನ್ನೆಯ ತನಕ ಅವಳ ಯಂತ್ರ ಇದ್ದದ್ದು ಆ ಶಟರಿನ ಹಿಂದಿನ ಶೆಡ್ಡಿನಲ್ಲೇ. ಮುಂದೊಂದು ದಿನ ಕಾರು ಕೊಳ್ಳುತ್ತೇನೆ ಎಂದು ಅಪ್ಪ ಕಟ್ಟಿಸಿದ ಶೆಡ್ಡು ಅದು. ಕಾರು ಬರಲಿಲ್ಲ. ಸೈಕಲ್ಲು, ಸೌದೆ, ಮುರಿದ ಕುರ್ಚಿ, ಕೊನೆಗೆ ಗುಬ್ಬಿಯ ಯಂತ್ರ ಬಂದು ಕೂತವು. ಈಗ ಅಣ್ಣ ಅವನ್ನೆಲ್ಲ ಹೊರಹಾಕಿ, ಇನ್ನೊಬ್ಬರ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡದ್ದು ಸಾಕು, ಇನ್ನು ನನ್ನದೇ ವರ್ಕ್‌ಶಾಪು ಎಂದು ಹೊರಟಿದ್ದ.

ಹೊರಟದ್ದೇನೋ ಸರಿ. ಕೆಲಸದಲ್ಲಿ ಅಣ್ಣನಿಗೆ ಹೆಸರಿತ್ತು. ನೆಲಕ್ಕೆ ಸಿಮೆಂಟು ಬಳಿಸಿದವನು ಅದು ಒಣಗಿದ ಮೇಲೆ ಒಂದು ಚೊಂಬು ನೀರು ಚೆಲ್ಲಿ, ಅದು ಯಾವ ಕಡೆ ಹರಿಯುತ್ತದೆಂದು ಮಂಡಿಯೂರಿ ನೋಡಿದ. ಹಳೇ ಬಾಗಿಲೊಂದನ್ನು ಮಲಗಿಸಿ ಕೆಲಸದ ಮೇಜು ಮಾಡಿ, ಅದರ ಅಂಚಿಗೆ ಕಬ್ಬಿಣ ಕಚ್ಚಿ ಹಿಡಿಯುವ ವೈಸನ್ನು ಬೋಲ್ಟು ಹಾಕಿ ಕೂರಿಸಿದ. ಗೋಡೆಗೆ ಪ್ಲೈವುಡ್ಡಿನ ಹಲಗೆ ಬಡಿದ. ಗುಬ್ಬಿಯ ಹತ್ತಿರ ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆ ಇಸಕೊಂಡು, ಹಲಗೆಯ ಮೇಲೆ ಒಂದೊಂದು ಸ್ಪ್ಯಾನರನ್ನೂ ಇಟ್ಟು ಅದರ ಸುತ್ತ ಗೆರೆ ಎಳೆದ. ಯಾವುದು ಎಲ್ಲಿಂದ ಹೋಯಿತು ಅಂತ ಗೆರೆಯೇ ಹೇಳಬೇಕು, ಅದು ಅವನ ಪದ್ಧತಿ. ಇಕ್ಕಳದ ಜಾಗದಲ್ಲಿ ಸುತ್ತಿಗೆ ನೇತುಹಾಕಿದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಗುಬ್ಬಿಗೆ ಸರಿಬರದೆ ಇದ್ದದ್ದು ಬೇರೆ. ಮಾತು ಕಮ್ಮಿ ಇರುವವರಿಗೆ ಕಣ್ಣು ಜಾಸ್ತಿ. ಯಾವ ಸಾಮಾನು ಯಾವುದರ ಹಿಂದೆ ಬಂತು ಅನ್ನುವುದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಎಲ್ಲಕ್ಕಿಂತ ಮೊದಲು ಬಂದದ್ದು ಶಟರು. ಅದಕ್ಕೂ ಮೊದಲು ಅಲ್ಲಿದ್ದ ಕಂಬಿಯ ಗೇಟು ಗಟ್ಟಿಮುಟ್ಟಾಗೇ ಇತ್ತು, ಗಾಳಿ ಬೆಳಕು ಧಾರಾಳವಾಗಿ ಬರುತ್ತಿತ್ತು. ಆಮೇಲೆ ಬಂದದ್ದು ಬಣ್ಣ ಹೊಡೆಯುವ ಕಂಪ್ರೆಸರು, ಸ್ಪ್ರೇ ಗನ್ನು. ಗಾಡಿ ಎತ್ತುವ ಜಾಕು, ಗಾಡಿ ಕೂರಿಸುವ ಸ್ಟ್ಯಾಂಡುಗಳು ಬಂದದ್ದು ಅದರ ನಂತರ. ಅಡುಗೆ ಶುರುಮಾಡುವವರು ಪಾತ್ರೆ ತರುವ ಮೊದಲೇ ಕಿಟಕಿಗೆ ಪರದೆ ತಂದರೆ ಹೇಗನ್ನಿಸುತ್ತದೆಯೋ ಹಾಗೆ ಅನ್ನಿಸಿತು ಅವಳಿಗೆ.

ಇವನ್ನೆಲ್ಲ ತಂದುಕೊಡುತ್ತಿದ್ದವನು ಪಾರ್ಟ್ನರ್. ಅಣ್ಣ ಅವನನ್ನು ಹಾಗೇ ಕರೆಯುತ್ತಿದ್ದ, ಆದ್ದರಿಂದ ಮನೆಯವರಿಗೂ ಅವನು ಪಾರ್ಟ್ನರೇ ಆದ. ಇಸ್ತ್ರಿ ಮಾಡಿದ ಅಂಗಿ, ಬೆರಳಿಗೆ ಸದಾ ಸುತ್ತುತ್ತಿರುವ ಒಂದು ದೊಡ್ಡ ಕೀಲಿಗೊಂಚಲು. ಇವನು ಹಳೇ ಗಾಡಿ ತಂದುಕೊಡುವುದು, ಅಣ್ಣ ಅದನ್ನು ಹೊಸದರಂತೆ ಮಾಡುವುದು, ಇವನೇ ಮಾರುವುದು, ಇದು ಅವರ ಒಪ್ಪಂದ. ಅಷ್ಟು ಕೀಲಿ ಇರುವ ಮನುಷ್ಯ ತಾನು ಮಾತ್ರ ಯಾಕೆ ಯಾವಾಗಲೂ ಒಂದು ಲಡಕಾಸಿ ಬೈಕಿನಲ್ಲಿ ಬರುತ್ತಾನೆ ಎಂದು ಗುಬ್ಬಿ ಯೋಚಿಸುತ್ತಿದ್ದಳು.

ಅವತ್ತು ಶಟರಿಗೆ ಎಣ್ಣೆ ಬಿದ್ದು ಅದು ಸರ್ರನೆ ಇಳಿದಾಗ ಪಾರ್ಟ್ನರ್ ಜಗುಲಿಯ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

"ನೀನೇನಾ ಸೀಟು ಹೊಲಿಯೋಳು?" ಎಂದ ಗುಬ್ಬಿಯ ಕಡೆ ತಿರುಗಿ.

ಗುಬ್ಬಿ ತಲೆಯಾಡಿಸಿದಳು.

"ಮಾತಾಡಲ್ವಾ ಇವಳು?"

"ಅವಳು ಹಾಗೇ," ಎಂದ ಅಣ್ಣ.

"ಒಳ್ಳೇದೇ ಆಯ್ತು ಬಿಡು," ಎಂದು ಪಾರ್ಟ್ನರ್ ನಕ್ಕು ಲೋಟ ಕೆಳಗಿಟ್ಟ. "ವರ್ಕ್‌ಶಾಪಲ್ಲಿ ಇಂಥೋರೇ ಇರ್ಬೇಕು."

ಅಣ್ಣನೂ ನಕ್ಕ. ಆದರೆ ಅವನ ನಗು ಒಂದು ಗಳಿಗೆ ತಡವಾಗಿ ಬಂತು. ಗುಬ್ಬಿ ಅದನ್ನೂ ನೋಡಿದಳು.

*

ಮಧ್ಯಾಹ್ನ ಊಟವಾದ ಮೇಲೆ ಅಣ್ಣ ನಡುಮನೆಯಲ್ಲಿ, ತೀರಿಹೋದ ಅಪ್ಪನ ಮಂಚದ ಮೇಲೆ ಒಂದು ಕಣ್ಣು ನಿದ್ದೆ ತೆಗೆಯುತ್ತಿದ್ದ. ಆ ಮಂಚದ ಹಾಸಿಗೆ ಮಂಚಕ್ಕಿಂತ ಗಿಡ್ಡ. ನೀಲಿ ಬಿಳಿ ಪಟ್ಟೆಯ ಹತ್ತಿ ಹಾಸಿಗೆ ಅದು. ಚಿಕ್ಕವರಿದ್ದಾಗ ಅಣ್ಣತಂಗಿ ಇಬ್ಬರೂ ಅಪ್ಪನ ಎರಡು ಪಕ್ಕದಲ್ಲಿ ಅದರ ಮೇಲೇ ಮಲಗಿ, ರಾತ್ರಿಯೆಲ್ಲ ಒಬ್ಬರನ್ನೊಬ್ಬರು ಒದ್ದು ಬೆಳೆದವರು. ಅದರ ಕಾಲಿನ ಕಡೆಯ ತುಂಡನ್ನು ಕತ್ತರಿಸಿದ್ದು ಗುಬ್ಬಿಯೇ.

ಅದು ಹೋದ ವರ್ಷದ ಮಾತು. ನರ್ಸಮ್ಮ ತನ್ನ ಕಾರಿಗೆ ಹೊಸ ಸೀಟು ಕವರು ಹಾಕಿಸಲು ಅಂಗಡಿಗೆ ಕೊಟ್ಟಿದ್ದಳು. ಅಂಗಡಿಯವರು ಸೀಟನ್ನೇ ಬಿಚ್ಚಿ ಗುಬ್ಬಿಯ ಹತ್ತಿರ ಕಳಿಸಿದರು. ಮಾರನೆಯ ದಿನ ನರ್ಸಮ್ಮನೇ ಬಂದಳು. ಸುತ್ತಮುತ್ತಲ ಬೀದಿಗಳಲ್ಲಿ ಹೆರಿಗೆಗೆ ಹೋಗುವವಳು, ಗುಂಡುಗುಂಡಾಗಿ, ಬಹಳ ಗಿಡ್ಡ.

"ನೋಡೇ ಮಗಳೇ," ಎಂದಿದ್ದಳು, "ನಂಗೆ ರಸ್ತೆ ಸ್ಟೀರಿಂಗಿನ ಮೇಲಿಂದ ಕಾಣಲ್ಲ, ಅದರೊಳಗಿಂದ ಕಾಣುತ್ತೆ. ಗಾಡಿ ತಾನೇ ತಾನಾಗಿ ಬರ್ತಿದೆ ಅಂದ್ಕೊಂಡು ಜನ ಹೆದರಿ ದಾರಿ ಬಿಡ್ತಾರೆ. ಅಡೀಲಿ ಏನಾದ್ರೂ ಇಟ್ಟು ಒಂಚೂರು ಎತ್ತರ ಮಾಡ್ಕೊಡು."

ಸ್ಪಂಜು ಮುಗಿದಿತ್ತು. ನರ್ಸಮ್ಮನಿಗೆ ಅವಸರವಿತ್ತು. ಗುಬ್ಬಿ ಒಳಗೆ ಹೋಗಿ ಹಾಸಿಗೆಯ ಕಾಲಿನ ಕಡೆಯ ಭಾಗವನ್ನು ಕತ್ತರಿಸಿ, ಹತ್ತಿ ಚೆಲ್ಲದಂತೆ ಸುತ್ತ ಹೊಲಿದು ಕುರ್ಚಿಯ ಮೇಲಿಟ್ಟಳು. ನರ್ಸಮ್ಮ ಅದರ ಮೇಲೆ ಕೂತು ನೋಡಿದಳು. ಕಾಲು ನೆಲಕ್ಕೆ ತಾಗದೆ ಚಿಕ್ಕ ಹುಡುಗಿಯ ಕಾಲಿನಂತೆ ತೂಗಾಡಿತು.

"ಯಾರ ಹಾಸಿಗೇನೇ ಇದು?"

"ಅಪ್ಪಂದು."

"ಹಾಗಾದ್ರೆ ಇನ್ಮೇಲೆ ನಿಮ್ಮಪ್ಪನೇ ನನ್ನ ಹೊತ್ಕೊಂಡು ತಿರುಗ್ಲಿ," ಎಂದು ನರ್ಸಮ್ಮ ಹೊಟ್ಟೆ ಕುಣಿಸಿಕೊಂಡು ನಕ್ಕಿದ್ದಳು. ಗುಬ್ಬಿಯೂ ನಕ್ಕಿದ್ದಳು. ಆಮೇಲೆ ಆ ತುಂಡನ್ನು ಸೀಟಿನ ಮೇಲಿಟ್ಟು, ಅದರ ಮೇಲೆ ಬಿಳಿ ಅರಿವೆ ಎಳೆದು ಕೈಹೊಲಿಗೆ ಹಾಕಿ, ಎಲ್ಲಕ್ಕೂ ಮೇಲೆ ರೆಕ್ಸಿನ್ ಕವರು ತೊಡಿಸಿದ್ದಳು.

ಅವತ್ತಿನಿಂದ ಅಣ್ಣನ ಪಾದ ಹಾಸಿಗೆಯಿಂದಾಚೆ ಬರೀ ಹಲಗೆಯ ಮೇಲೆ. "ನನ್ನ ಕಾಲಡಿಯ ಹಾಸಿಗೆ ಕತ್ತರಿಸಿ ಊರೋರ ಅಡಿಗೆ ಹಾಕ್ತಾಳಪ್ಪಾ ಇವಳು," ಎಂದು ಮಲಗುವಾಗಲೆಲ್ಲ ಒಂದು ಸಲ ರೇಗಿಸದೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಈಚೆಗೆ ರೇಗಿಸುವುದನ್ನು ಬಿಟ್ಟಿದ್ದ. ಸುಮ್ಮನೆ ಮಲಗಿ ಮೇಲೆ ನೋಡುತ್ತಿದ್ದ.

*

ಮೊದಲ ಗಾಡಿ ಬಂದದ್ದು ಅಂಥದೇ ಒಂದು ಮಧ್ಯಾಹ್ನ, ಬೀದಿಯವರೆಲ್ಲ ಉಂಡು ಬಾಗಿಲು ಹಾಕಿಕೊಂಡ ಹೊತ್ತಿನಲ್ಲಿ. ಅದು ಬಂದ ಸದ್ದೇ ಆಗಲಿಲ್ಲ. ಇಂಜಿನ್ನು ಆರಿಸಿ, ಪಾರ್ಟ್ನರ್ ಒಳಗೆ ಕೂತು ತಿರುವುತ್ತ, ಅಣ್ಣ ಹಿಂದಿನಿಂದ ತಳ್ಳುತ್ತ ತಂದರು. ಗಾಡಿಯ ಮೈಗೆ ಆಗಲೇ ಬೂದಿ ಬಣ್ಣದ ಪ್ರೈಮರು ಬಳಿದಾಗಿತ್ತು. ಅದರ ನಿಜವಾದ ಬಣ್ಣ ಯಾವುದಿತ್ತೋ ತಿಳಿಯುವಂತಿರಲಿಲ್ಲ. ಮುಂದೆಯೂ ಹಿಂದೆಯೂ ನಂಬರ್ ಪ್ಲೇಟು ಇರಲಿಲ್ಲ. ಒಳಗೆ ಸೇರಿಸಿ ಟಾರ್ಪಾಲು ಹೊದಿಸಿ ಶಟರು ಎಳೆದರು.

"ಮೊದಲ ಗಾಡಿ ಕಣಮ್ಮಾ," ಎಂದ ಅಣ್ಣ ಕೈ ತೊಳೆಯುತ್ತ. ಗೆಲುವಾಗಿ ಹೇಳಲು ನೋಡಿದ.

"ಒಳ್ಳೇ ಹೊತ್ತಲ್ಲಿ ಮುಖ ತೋರಿಸಿ ತರೋದು ಬಿಟ್ಟು ಹೆಣ ತಂದ ಹಾಗೆ ತಂದು ಮುಸುಕು ಹಾಕಿದ್ರಲ್ಲೋ," ಅಂದಳು ಅಮ್ಮ.

"ಧೂಳು ಕೂರುತ್ತೆ ಅಂತ."

"ಧೂಳು," ಎಂದು ಅಮ್ಮ ಆ ಪದವನ್ನು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡಳು. ಆದರೆ ಮಗ ಸ್ವಂತ ಕಾಲಮೇಲೆ ನಿಲ್ಲುತ್ತಿರುವ ಸಂತೋಷ ಅವಳಿಗೆ ದೊಡ್ಡದು. ಹೆಚ್ಚು ಕೆದಕಲಿಲ್ಲ.

ಒಂದೆರಡು ದಿನ ಬಿಟ್ಟು ನರ್ಸಮ್ಮ ಅತ್ತಿಗೆಯನ್ನು ನೋಡಲು ಬಂದಳು. ಅತ್ತಿಗೆಗೆ ದಿನ ತುಂಬುತ್ತ ಬಂದಿತ್ತು, ಕಾಲು ಬಾತಿತ್ತು. ನರ್ಸಮ್ಮ ಬಂದರೆ ಬೀದಿಯ ತಿರುವಿನಲ್ಲೇ ಹಾರನ್ನು ಕೇಳಿಸುತ್ತಿತ್ತು. ಅವತ್ತು ಹಾರನ್ನು ಇಲ್ಲ. ಗೇಟು ಸದ್ದಾಗಿ ನೋಡಿದರೆ ನರ್ಸಮ್ಮ ಚೀಲ ಹೆಗಲಿಗೆ ಹಾಕಿಕೊಂಡು, ಮುಖವೆಲ್ಲ ಬೆವರಾಗಿ ಮೆಟ್ಟಿಲ ಹತ್ತಿರ ಏದುಸಿರು ಬಿಡುತ್ತ ನಿಂತಿದ್ದಳು.

"ಗಾಡಿ ಎಲ್ಲಿ ಅಮ್ಮಾ?" ಎಂದು ಅತ್ತಿಗೆ ಕೇಳಿದಳು.

"ಮಗು ಬಂತು, ಗಾಡಿ ಹೋಯ್ತು," ಎಂದಳು ನರ್ಸಮ್ಮ. "ಒಂದು ಹೆರಿಗೆಗೆ ಹೋಗಿದ್ದೆ. ಒಳಗೆ ಎಲ್ಲ ಮುಗಿಸಿ, ಕೈ ತೊಳ್ಕೊಂಡು ಹೊರಗೆ ಬಂದು ನೋಡಿದ್ರೆ ಗಾಡಿ ನಿಲ್ಸಿದ್ದ ಜಾಗದಲ್ಲಿ ಒಂದು ನಾಯಿ ಮಲಗಿದೆ. ಅದನ್ನೇ ಕೇಳ್ದೆ, ಎಲ್ಲಪ್ಪಾ ನನ್ನ ಗಾಡಿ ಅಂತ. ಅದು ಬಾಲ ಅಲ್ಲಾಡಿಸ್ತು."

ಅಮ್ಮ ನಗಬೇಕೋ ಬೇಡವೋ ತಿಳಿಯದೆ ಬಾಯಿಗೆ ಸೆರಗು ಹಿಡಿದಳು. "ಪೊಲೀಸ್ರಿಗೆ ಹೇಳಿದ್ರಾ?"

"ಹೇಳ್ದೆ. ಅಂಥ ಗಾಡಿ ಬೀದಿಗೆ ನಾಲ್ಕಿದೆ, ಗುರುತು ಏನು ಅಂದ್ರು. ನಂಬರು ಹೇಳ್ದೆ. ನಂಬರು ಅಲ್ದೆ ಬೇರೆ ಗುರುತು ಹೇಳಿ ಅಂದ್ರು. ಮಕ್ಕಳ ಮೈಮೇಲಿನ ಮಚ್ಚೆ ಆದ್ರೆ ಹೇಳ್ತೀನಿ, ಗಾಡಿ ಮಚ್ಚೆ ನಾನೇನು ಕಂಡೆ?"

ಆಮೇಲೆ ದನಿ ಇಳಿಸಿದಳು. "ಮೊನ್ನೆ ಒಂದು ಮನೆಗೆ ಬಸ್ಸಲ್ಲಿ ಹೋದೆ. ಬಸ್ಸಿಳಿದು ನಡ್ಕೊಂಡು ಮುಟ್ಟೋ ಅಷ್ಟ್ರಲ್ಲಿ..." ಎಂದವಳು ಅತ್ತಿಗೆಯ ಹೊಟ್ಟೆಯ ಕಡೆ ನೋಡಿ ಮಾತು ನಿಲ್ಲಿಸಿ, "ನಿಂದು ಹಾಗೇನೂ ಆಗಲ್ಲ ಬಿಡು. ಎಲ್ಲಿ, ಕೈ ಕೊಡು," ಎಂದಳು.

ಗುಬ್ಬಿ ಯಂತ್ರದ ಮೇಲಿಂದ ಕಣ್ಣೆತ್ತಿ ಅಣ್ಣನನ್ನು ನೋಡಿದಳು. ನರ್ಸಮ್ಮನ ದನಿ ಕೇಳಿದ್ದೇ ಅವನು ಹೊರಗೆ ಬಂದು, ಶಟರನ್ನು ಮೆಲ್ಲಗೆ ತಳದ ತನಕ ಇಳಿಸಿ, ಒಳಗಿಂದ ಕುರ್ಚಿ ತಂದು ಹಾಕಿದ್ದ. ಕುರ್ಚಿಯನ್ನು ಶೆಡ್ಡಿಗೆ ಬೆನ್ನು ಮಾಡಿ ಹಾಕಿದ್ದ. ನೀರು ಬೇಕಾ ಎಂದ, ಫ್ಯಾನು ಹಾಕಲಾ ಎಂದ. ಕೇಳಬೇಕಾದ್ದನ್ನು ಮಾತ್ರ ಕೇಳಲಿಲ್ಲ. ಯಾರ ಗಾಡಿಯ ಚಕ್ರ ಪಂಕ್ಚರಾದರೂ ಎಲ್ಲಿ, ಹೇಗೆ, ಮೊಳೆಯೋ ಗಾಜೋ ಎಂದು ತಲೆ ತಿನ್ನುವವನು ಅವನು. ಗಾಡಿಯೇ ಹೋಯಿತು ಎಂದರೆ ಎಲ್ಲಿ ನಿಲ್ಲಿಸಿದ್ದಿರಿ, ಸ್ಟೀರಿಂಗ್ ಲಾಕು ಮಾಡಿದ್ದಿರಾ ಎನ್ನಲಿಲ್ಲ. ಅಯ್ಯೋ ಪಾಪ ಅಂತಲೂ ಅನ್ನಲಿಲ್ಲ.

ಹೋಗುವಾಗ ನರ್ಸಮ್ಮ ಅಂಗಳದಲ್ಲಿ ಒಂದು ಗಳಿಗೆ ನಿಂತು ಶೆಡ್ಡಿನ ಕಡೆ ಕೈ ಮಾಡಿ, "ಕೆಲಸ ಶುರುವಾಯ್ತೇನಪ್ಪಾ? ಗಿರಾಕಿ ಬಂದ್ರಾ?" ಎಂದಳು.

"ಈಗ ಒಂದೊಂದಾಗಿ..." ಎಂದ ಅಣ್ಣ.

"ಒಳ್ಳೇದಾಗ್ಲಿ. ಕೈಯಲ್ಲಿ ವಿದ್ಯೆ ಇದೆ ನಿಂಗೆ."

ಅವಳ ಗಾಡಿಗೂ ಅವಳಿಗೂ ನಡುವೆ ಆಗ ಒಂದು ಶಟರು ಬಿಟ್ಟರೆ ಬೇರೇನೂ ಇರಲಿಲ್ಲ ಅನ್ನುವುದು ಗುಬ್ಬಿಗೆ ಇನ್ನೂ ಗೊತ್ತಿರಲಿಲ್ಲ. ಆದರೆ ಅವತ್ತು ಎರಡು ಸಲ ಹೊಲಿಗೆ ತಪ್ಪಿದಳು.

*

ರಾತ್ರಿ ಊಟದ ಹೊತ್ತಿಗೆ ಅತ್ತಿಗೆ ಗೋಡೆಗೊರಗಿ ಕಾಲು ಚಾಚಿ ಕೂತು, "ಅತ್ತೆ, ಬಸ್ಸಿಲ್ಲದ ಹೊತ್ತಲ್ಲಿ ನೋವು ಶುರುವಾದ್ರೆ?" ಎಂದಳು.

"ಅದಕ್ಕೆ ಯಾಕೆ ತಲೆ ಕೆಡಿಸ್ಕೋತೀಯಾ? ನಮ್ಮ ಶೆಡ್ಡಲ್ಲೇ ಗಾಡಿ ಇದೆಯಲ್ಲ," ಅಂದಳು ಅಮ್ಮ. "ಅದ್ರಲ್ಲೇ ಹೋಗಿ ನರ್ಸಮ್ಮನ್ನ ಕೂರಿಸ್ಕೊಂಡು ಬರ್ತಾನೆ. ಏನೋ, ಓಡುತ್ತೆ ತಾನೇ ಅದು?"

ಅಣ್ಣನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಅದು ಬೇರೆಯವರ ಗಾಡಿ ಅಮ್ಮಾ," ಎಂದ.

"ಕಷ್ಟಕಾಲದಲ್ಲಿ ಬೇರೆಯವರ ಗಾಡಿ ಅಂತ ನೋಡ್ತಾರೇನೋ?"

ಅಣ್ಣ ಅರ್ಧಕ್ಕೇ ಕೈ ತೊಳೆದು ಎದ್ದ.

ಮರುದಿನ ಬೆಳಿಗ್ಗೆ ಗಾಡಿಯ ಸೀಟುಗಳು ಜಗುಲಿಗೆ ಬಂದವು. ಮೇಲಿನ ಕವರು ಇರಲಿಲ್ಲ. ಪಾರ್ಟ್ನರ್ ಆಗಲೇ ಕಿತ್ತು ಎಲ್ಲೋ ಸುಟ್ಟಿದ್ದನಂತೆ. ಬರೀ ಬಿಳಿ ಅರಿವೆ ಹೊದ್ದ ಸೀಟುಗಳು. ಅಣ್ಣ ಅವನ್ನು ಗೋಡೆಗಾನಿಸಿ ಇಟ್ಟು, ಕಂದು ರೆಕ್ಸಿನ್ನಿನ ಸುರುಳಿಯನ್ನು ಗುಬ್ಬಿಯ ಮುಂದೆ ಹಾಕಿದ.

"ಮೇಲಿಂದಾನೇ ಅಳತೆ ತಗೋ. ಒಳಗೇನೂ ಬಿಚ್ಚೋಕೆ ಹೋಗ್ಬೇಡ. ಬೇಗ ಆಗ್ಬೇಕು."

ಹೊಲಿಯುವವರಿಗೆ ಬಿಚ್ಚಬೇಡ ಅನ್ನುವ ಮಾತನ್ನು ಯಾರೂ ಹೇಳುವುದಿಲ್ಲ. ಒಳಗಿನ ಸ್ಪಂಜು ಎಲ್ಲಿ ಕುಸಿದಿದೆ, ಎಲ್ಲಿ ಹರಿದಿದೆ ನೋಡದೆ ಕವರು ಹೊಲಿದರೆ ತಿಂಗಳಲ್ಲಿ ಸುಕ್ಕುಬೀಳುತ್ತದೆ. ಅಣ್ಣನಿಗೂ ಅದು ಗೊತ್ತು. ಅವನು ಶೆಡ್ಡಿಗೆ ಹೋಗಿ ಕಂಪ್ರೆಸರು ಹಾಕಿದ ಮೇಲೆ ಗುಬ್ಬಿ ಡ್ರೈವರ್ ಸೀಟಿನ ಮೇಲೆ ಅಂಗೈ ಇಟ್ಟಳು. ಪಕ್ಕದ ಸೀಟು ತಗ್ಗು, ಇದು ಎತ್ತರ. ಸ್ಪಂಜಿನ ಮೆದು ಅಲ್ಲ, ಹತ್ತಿಯ ಗಟ್ಟಿ. ಅರಿವೆಯ ಅಂಚು ತಿರುಗಿಸಿದಳು. ಒಂದು ಉದ್ದ, ಎರಡು ಗಿಡ್ಡ, ಒಂದು ಉದ್ದ, ಹೀಗೆ ಕೈಹೊಲಿಗೆ. ಬೇರೆಯವರು ಹಾಗೆ ಹಾಕುವುದಿಲ್ಲ. ಮೊದಲ ಸಲ ಸೂಜಿ ಹಿಡಿದಾಗ ತಪ್ಪಾಗಿ ಕಲಿತದ್ದು ಅದು, ಆಮೇಲೆ ತಿದ್ದಿಕೊಳ್ಳಲು ಕೈ ಕೇಳಲೇ ಇಲ್ಲ.

ಅವಳು ಕತ್ತರಿಯ ತುದಿಯಿಂದ ಒಂದೊಂದೇ ದಾರ ಬಿಡಿಸಿದಳು. ನೀಲಿ ಪಟ್ಟೆ ಕಂಡಿತು, ಆಮೇಲೆ ಬಿಳಿ, ಆಮೇಲೆ ಮತ್ತೆ ನೀಲಿ.

ಶೆಡ್ಡಿನಲ್ಲಿ ಕಂಪ್ರೆಸರು ಹೊಡೆದುಕೊಳ್ಳುತ್ತಲೇ ಇತ್ತು. ಆ ಸದ್ದು ತನ್ನ ಎದೆಯದೋ ಎಂಬಂತೆ ಗುಬ್ಬಿ ಕುಪ್ಪಸದ ಮೇಲೆ ಕೈ ಒತ್ತಿಕೊಂಡಳು. ಗಾಡಿಯ ಬಣ್ಣ ತೆಗೆದಿದ್ದರು, ನಂಬರು ತೆಗೆದಿದ್ದರು, ಇಂಜಿನ್ನಿನ ಮೇಲಿನ ಅಂಕಿಗಳನ್ನೂ ಉಜ್ಜಿ ತೆಗೆದಿರಬೇಕು. ಊರಲ್ಲಿ ಸೀಟು ಹೊಲಿಯುವವರು ಬೇರೆಯವರೂ ಇದ್ದರು. ಮನೆಯಲ್ಲೇ ಒಬ್ಬಳಿದ್ದಾಳೆ, ಅವಳು ಮಾತಾಡುವುದಿಲ್ಲ ಎಂದು ಇಲ್ಲಿಗೇ ತಂದಿಟ್ಟಿದ್ದರು.

ಅಣ್ಣನಿಗೆ ಗೊತ್ತಿತ್ತೇ? ಗೊತ್ತಿಲ್ಲದೆಯೂ ಇರಬಹುದು ಎಂದು ಅವಳಿಗೆ ಅವಳೇ ಹೇಳಿಕೊಂಡಳು. ಪಾರ್ಟ್ನರ್ ಅವನ ಕಣ್ಣಿಗೂ ಮಣ್ಣೆರಚಿರಬಹುದು. ಬಿಚ್ಚಬೇಡ ಅಂದದ್ದು ಬರೀ ಅವಸರಕ್ಕೆ ಇರಬಹುದು. ಶಟರು ಇಳಿಸಿದ್ದು ಧೂಳಿಗೇ ಇರಬಹುದು. ಹೀಗೆ ಒಂದೊಂದು ಅನುಮಾನಕ್ಕೂ ಒಂದೊಂದು ತೇಪೆ ಹಾಕುತ್ತ ಹೋದಳು. ತೇಪೆಗಳು ಅರಿವೆಗಿಂತ ಹೆಚ್ಚಾದವು.

ಕೇಳಬೇಕು. ಆದರೆ ಕೇಳುವ ಬಾಯಿ ಅವಳಿಗಿರಲಿಲ್ಲ. ಅವಳು ತುಂಡನ್ನು ಎತ್ತಿಕೊಂಡು ಒಳಗೆ ಹೋಗಿ, ಅಪ್ಪನ ಮಂಚದ ಮೇಲೆ, ಹಾಸಿಗೆ ಮುಗಿಯುವಲ್ಲಿ ಇಟ್ಟಳು. ಪಟ್ಟೆಗೆ ಪಟ್ಟೆ ಕೂಡಿತು. ಮೇಲೆ ದುಪ್ಪಟಿ ಹೊದಿಸಿದಳು.

ಊಟವಾದ ಮೇಲೆ ಅಣ್ಣ ಬಂದು ಮಲಗಿದ. ಗುಬ್ಬಿ ಬಾಗಿಲ ಪಕ್ಕ ದಾರ ಸುತ್ತುತ್ತ ಕೂತಳು. ಅವನು ಕಾಲು ಚಾಚಿದ. ಪಾದ ಮೆತ್ತಗೆ ಹಾಸಿಗೆಯ ಮೇಲೆ ಇಳಿಯಿತು. ಕಣ್ಣು ಮುಚ್ಚಿದ್ದವನು ಹಿಮ್ಮಡಿಯನ್ನು ಅತ್ತ ಇತ್ತ ಉಜ್ಜಿದ. ಆಮೇಲೆ ಉಜ್ಜುವುದು ನಿಂತಿತು. ಎದ್ದು ಕೂತು ದುಪ್ಪಟಿ ಸರಿಸಿದ.

ಪಟ್ಟೆ ಕೂಡಿದ ಜಾಗವನ್ನು ಬೆರಳಿನಿಂದ ಸವರಿದ.

"ಯಾಕೆ ಬಿಚ್ಚಿದೆ?" ಎಂದ.

ಇದು ಎಲ್ಲಿ ಸಿಕ್ಕಿತು ಎನ್ನಲಿಲ್ಲ. ಇದು ಇಲ್ಲಿಗೆ ಹೇಗೆ ಬಂತು ಎನ್ನಲಿಲ್ಲ. ಗುಬ್ಬಿಯ ಕೈಯಿಂದ ದಾರದ ಉಂಡೆ ಜಾರಿ ಹೊಸಿಲಿನ ತನಕ ಉರುಳಿತು.

"ಗೊತ್ತಿತ್ತಾ ಅಣ್ಣಾ?"

"ಮೆಲ್ಲಗೆ ಮಾತಾಡು. ನಿಮ್ಮತ್ತಿಗೆ ಮಲಗಿದಾಳೆ."

"ತಂದ ದಿನಾನೇ ಗೊತ್ತಿತ್ತಾ?"

"ಇಲ್ಲ. ನಿನ್ನಾಣೆ ಇಲ್ಲ." ಅವನು ಕೈಯ ಬಣ್ಣವನ್ನು ಉಗುರಿನಿಂದ ಕೆರೆಯತೊಡಗಿದ. "ಎಲ್ಲಿಂದ ತಂದೆ ಅಂತ ನಾನು ಕೇಳ್ಲಿಲ್ಲ, ಅವನು ಹೇಳ್ಲಿಲ್ಲ. ಆಮೇಲೆ ಸೀಟಲ್ಲಿ ಕೂತೆ. ತಲೆ ಮೇಲೆ ತಾಗ್ತು. ಆಗ..."

"ಹಾಗಾದ್ರೆ ವಾಪಸ್ ಕೊಟ್ಬಿಡೋಣ."

"ಹುಚ್ಚೀ, ವಾಪಸ್ ಕೊಡೋಕೆ ಇದೇನು ಪಕ್ಕದ ಮನೆ ಪಾತ್ರೇನಾ? ಯಾರು ತಂದ್ರು ಅಂತ ಕೇಳ್ತಾರೆ. ಇಲ್ಲಿ ಕಾಣೋ ಒಂದೊಂದು ಸಾಮಾನೂ ಅವನದು. ಆ ಶಟರು ಅವನದು. ನಾನು ಜೈಲಿಗೆ ಹೋಗ್ತೀನಿ, ಅವನು ಇನ್ನೊಂದು ಶೆಡ್ಡು ಹುಡುಕ್ತಾನೆ, ಅಷ್ಟೇ." ಅವನು ಒಳಕೋಣೆಯ ಕಡೆ ನೋಡಿದ. "ಇಂಥ ಹೊತ್ತಲ್ಲಿ ನಾನು ಒಳಗೆ ಹೋದ್ರೆ ಅವಳ ಗತಿ ಏನು? ಇದೊಂದೇ ಗಾಡಿ. ನಾಳೆ ಸಂಜೆ ಬಂದು ತಗೊಂಡ್ಹೋಗ್ತಾನೆ. ಆಮೇಲೆ ಅವನ ಸಹವಾಸ ಬೇಡ ಅಂತೀನಿ."

"ನರ್ಸಮ್ಮ ಬಸ್ಸಲ್ಲಿ ಬರ್ತಾಳೆ."

"ಬಸ್ಸಿದೆಯಲ್ಲ."

"ಮೊನ್ನೆ ಆ ಮನೇಲಿ..."

"ಗೊತ್ತು!" ಎಂದ. ತನ್ನ ದನಿಗೆ ತಾನೇ ಬೆಚ್ಚಿ ಬಾಗಿಲ ಕಡೆ ನೋಡಿದ. ಆಮೇಲೆ ಆ ತುಂಡನ್ನು ಎತ್ತಿ ಅವಳ ಮಡಿಲಿಗೆ ಹಾಕಿದ. "ಒಲೆಗೆ ಹಾಕು ಇದನ್ನ. ಸ್ಪಂಜು ತುಂಬಿ ಕವರು ಹೊಲಿ. ನೀನು ಏನೂ ನೋಡ್ಲಿಲ್ಲ."

ಅವನು ಗೋಡೆಯ ಕಡೆ ತಿರುಗಿ ಮಲಗಿದ. ಮಂಡಿ ಮಡಚಿಕೊಂಡಿದ್ದ. ಅವನ ಕಾಲು ಈಗ ಹಲಗೆಗೆ ಬರುತ್ತಿರಲಿಲ್ಲ.

ಗುಬ್ಬಿ ಅಡುಗೆಮನೆಗೆ ಹೋದಳು. ಒಲೆಯ ಮುಂದೆ ನಿಂತು ತುಂಡನ್ನು ಮೂಗಿಗೆ ಹಿಡಿದಳು. ಅಪ್ಪನ ವಾಸನೆ ಇರಲಿಲ್ಲ. ಡೆಟ್ಟಾಲಿನ ವಾಸನೆ, ಪೆಟ್ರೋಲಿನ ವಾಸನೆ. ಅಮ್ಮ ಬಂದು, "ಏನೇ ಅದು?" ಎಂದಳು. "ಏನಿಲ್ಲ," ಎಂದಳು ಗುಬ್ಬಿ. ಸೆರಗಿನಲ್ಲಿ ಮುಚ್ಚಿಕೊಂಡು ಈಚೆ ಬಂದು, ಹೊಲಿಗೆ ಯಂತ್ರದ ಕೆಳಗೆ ಚಿಂದಿ ತುಂಬುವ ಗೋಣಿಚೀಲದಲ್ಲಿ ಇಟ್ಟಳು.

*

ಮರುದಿನ ಗಾಡಿಗೆ ಕೊನೆಯ ಬಣ್ಣ. ಬೆಳಗಿನಿಂದ ಶಟರು ಮುಚ್ಚಿತ್ತು. ಅದರ ಸಂದಿಯಿಂದ ಬಣ್ಣದ ವಾಸನೆ ಬಂದು ಅತ್ತಿಗೆ ಎರಡು ಸಲ ವಾಂತಿ ಮಾಡಿಕೊಂಡಳು. ಗುಬ್ಬಿ ಕವರುಗಳನ್ನು ಹೊಲಿದು ಮುಗಿಸಿದಳು. ಒಳಗೆ ಹೊಸ ಸ್ಪಂಜು ಹಾಕಿದ್ದಳು. ಅಣ್ಣ ಬಂದು ಸೀಟನ್ನು ಒತ್ತಿ ನೋಡಿ, ಅವಳ ಮುಖ ನೋಡದೆ ಎತ್ತಿಕೊಂಡು ಹೋದ.

ಊಟದ ಹೊತ್ತಿಗೆ ಅತ್ತಿಗೆ, ಬೆಳಗಿಂದ ಮಗು ಮಿಸುಕಾಡಿದ್ದೇ ತಿಳಿಯುತ್ತಿಲ್ಲ ಎಂದು ಅಳುಮುಖ ಮಾಡಿಕೊಂಡಳು. ಅಮ್ಮ ಗಾಬರಿಯಾಗಿ ಪಕ್ಕದ ಮನೆಯವರ ಫೋನಿನಿಂದ ನರ್ಸಮ್ಮನಿಗೆ ಹೇಳಿಕಳಿಸಿದಳು. ಕಾದರು. ಒಂದು ಬಸ್ಸು ಹೋದ ಸದ್ದು ಕೇಳಿತು, ಅವಳು ಬರಲಿಲ್ಲ. ಅತ್ತಿಗೆ ಅಮ್ಮನ ಕೈಯನ್ನು ಬಿಗಿಯಾಗಿ ಹಿಡಿದು ಬೀದಿಯ ತಿರುವನ್ನೇ ನೋಡುತ್ತ ಜಗುಲಿಯಲ್ಲಿ ಕೂತಳು. ಇನ್ನೊಂದು ಬಸ್ಸಿನ ಸದ್ದು. ಎಷ್ಟೋ ಹೊತ್ತಿಗೆ ಆ ತಿರುವಿನಲ್ಲಿ ನರ್ಸಮ್ಮ ಕಂಡಳು. ಓಡಲು ಬಾರದ ಮೈಯನ್ನು ಓಡಿಸುತ್ತ ಬರುತ್ತಿದ್ದಳು, ಚೀಲ ಸೊಂಟಕ್ಕೆ ಬಡಿಯುತ್ತಿತ್ತು, ಒಂದು ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು.

"ಕುರ್ಚಿ ತಾರೇ ಗುಬ್ಬಿ," ಅಂದಳು ಅಮ್ಮ.

ಗುಬ್ಬಿ ಕುರ್ಚಿ ತಂದಳು. ಶೆಡ್ಡಿಗೆ ಮುಖ ಮಾಡಿ ಇಟ್ಟಳು. ಆಮೇಲೆ ಯಂತ್ರದ ಕೆಳಗೆ ಬಗ್ಗಿ, ಗೋಣಿಚೀಲದೊಳಗೆ ಕೈ ಹಾಕಿ, ಅದನ್ನು ತೆಗೆದು ಕುರ್ಚಿಯ ಮೇಲೆ ಹಾಸಿದಳು. ಅದನ್ನು ಯಾರೂ ನೋಡಲಿಲ್ಲ, ಎಲ್ಲರೂ ನರ್ಸಮ್ಮನನ್ನು ನೋಡುತ್ತಿದ್ದರು.

ನರ್ಸಮ್ಮ ಬಂದವಳೇ ಕುರ್ಚಿಯ ಮೇಲೆ ಕುಸಿದು ಕೂತು, ಚೀಲದಿಂದ ಎದೆಬಡಿತ ಕೇಳುವ ಕೊಳವೆ ತೆಗೆದು ಅತ್ತಿಗೆಯ ಹೊಟ್ಟೆಯ ಮೇಲಿಟ್ಟು ಕಿವಿಗೊಟ್ಟಳು. ಶೆಡ್ಡಿನಲ್ಲಿ ಕಂಪ್ರೆಸರು ಹೊಡೆದುಕೊಳ್ಳುತ್ತಿತ್ತು. "ಆ ಸದ್ದು ನಿಲ್ಸೋಕೆ ಹೇಳಿ," ಎಂದಳು ನರ್ಸಮ್ಮ. ಅಮ್ಮ ಹೋಗಿ ಶಟರು ತಟ್ಟಿದಳು. ಸದ್ದು ನಿಂತಿತು.

"ಹ್ಞಾಂ," ಎಂದಳು ಕೊನೆಗೆ. "ಇದಾನೆ ಕಳ್ಳ. ಬಚ್ಚಿಟ್ಕೊಂಡಿದಾನೆ. ಓಡ್ತಾ ಇದೆ ಎದೆ, ಕುದುರೆ ಹಾಗೆ."

ಅತ್ತಿಗೆ ಜೋರಾಗಿ ಅತ್ತುಬಿಟ್ಟಳು. ಅಮ್ಮ ಸೆರಗಿನಿಂದ ಅವಳ ಮುಖ ಒರೆಸುತ್ತ ತಾನೂ ಒರೆಸಿಕೊಂಡಳು.

"ಅಳ್ಬೇಡ. ಎಲ್ಲಿ, ನಿನ್ನ ಕೈ ಕೊಡು," ಎಂದು ನರ್ಸಮ್ಮ ಅವಳ ಮಣಿಕಟ್ಟು ಹಿಡಿದಳು. ಈಗ ಅವಳಿಗೆ ತಾನು ಕೂತಿರುವುದು ಬರೀ ಕುರ್ಚಿಯ ಮೇಲಲ್ಲ ಎಂದು ಅರಿವಾಗಿರಬೇಕು. ಕೂತಲ್ಲೇ ಸ್ವಲ್ಪ ಸರಿದಳು. ಮತ್ತೊಮ್ಮೆ ಸರಿದಳು. ಬಿಡುವಾಗಿದ್ದ ಕೈ ತೊಡೆಯ ಪಕ್ಕದಿಂದ ಕೆಳಗೆ ಹೋಗಿ ಅಂಚನ್ನು ಸವರಿತು, ಹೊಲಿಗೆಯ ಮೇಲೆ ಬೆರಳು ನಿಂತಿತು. ಅವಳು ಬಗ್ಗಿ ನೋಡಿದಳು. ನೀಲಿ ಪಟ್ಟೆ, ಬಿಳಿ ಪಟ್ಟೆ.

ಅವಳು ತಲೆ ಎತ್ತಿ ಗುಬ್ಬಿಯನ್ನು ನೋಡಿದಳು. ಗುಬ್ಬಿ ಯಂತ್ರದ ಪಕ್ಕ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಕಣ್ಣು ಮಾತ್ರ ಒಂದು ಸಲ ನರ್ಸಮ್ಮನನ್ನು ಬಿಟ್ಟು ಅಂಗಳದ ಆಚೆಗೆ ಹೋಗಿ ಮರಳಿತು.

ಆಗಲೇ ಶಟರು ಸರ್ರನೆ ಸೊಂಟದ ಎತ್ತರಕ್ಕೆ ಎದ್ದಿತು. ಎಣ್ಣೆ ಹಾಕಿದ್ದರಿಂದ ಈಗ ಅದು ತಡೆಯುತ್ತಿರಲಿಲ್ಲ. ಅಣ್ಣ ಅದರ ಅಡಿಯಿಂದ ಬಗ್ಗಿ ಹೊರಗೆ ಬಂದ, ಮೂಗಿಗೆ ಕಟ್ಟಿದ್ದ ಬಟ್ಟೆಯನ್ನು ಕತ್ತಿಗೆ ಎಳೆದುಕೊಳ್ಳುತ್ತ, "ಏನಂತೆ? ಮಗು ಹೇಗಿದೆ?" ಎಂದ. ಎರಡು ಹೆಜ್ಜೆ ಬಂದವನು ಕುರ್ಚಿಯನ್ನು ನೋಡಿದ. ಅಲ್ಲೇ ನಿಂತ. ಅವನ ಹಿಂದೆ ಅರ್ಧ ಎದ್ದ ಶಟರಿನ ಕೆಳಗೆ ಹಸಿ ಬಣ್ಣದ ಬಾಗಿಲು ಹೊಳೆಯುತ್ತಿತ್ತು.

"ಏನಾಯ್ತು ಅಮ್ಮಾ?" ಎಂದಳು ಅತ್ತಿಗೆ ಹೆದರಿ. "ಯಾಕೆ ಹಾಗೆ ನೋಡ್ತೀರಾ? ನಾಡಿ ಸರಿಯಿಲ್ವಾ?"

"ಸರಿ ಇದೆ," ಎಂದಳು ನರ್ಸಮ್ಮ. ಅವಳು ಶೆಡ್ಡಿನ ಕಡೆಯಿಂದ ಕಣ್ಣು ಕೀಳಲಿಲ್ಲ. ಬೆರಳು ಅತ್ತಿಗೆಯ ಮಣಿಕಟ್ಟಿನ ಮೇಲೆ ಹಾಗೇ ಇತ್ತು. "ಮಾತಾಡ್ಬೇಡ. ಎಣಿಸ್ತಿದೀನಿ."

ಅಮ್ಮ ಚಹಾ ಇಡಲು ಒಳಗೆ ಹೋದಳು. ಕುರ್ಚಿಯ ಅಂಚಿನಿಂದ ನರ್ಸಮ್ಮನ ಕಾಲು, ಒಂದರಲ್ಲಿ ಕಿತ್ತ ಚಪ್ಪಲಿ, ಎರಡೂ ಧೂಳು ಮೆತ್ತಿಕೊಂಡು, ನೆಲಕ್ಕೆ ತಾಗದೆ ತೂಗುತ್ತಿದ್ದವು.